ನಿಂತ ಗೋಡೆಗೆ ಅನುದಾನವಿಲ್ಲ

ಆ ಊರಿನಲ್ಲಿ ನೆಲ ಅಲುಗುವ ಮೊದಲು ಸದ್ದು ಮಾಡುತ್ತಿತ್ತು. ದೂರದ ಕ್ವಾರಿಯಲ್ಲಿ ಮದ್ದು ಸಿಡಿಸಿದಂತೆ ಒಂದು ಗುಡುಗು, ಅದರ ಬೆನ್ನಿಗೇ ಅಂಗಾಲಿನಿಂದ ಮೊಣಕಾಲಿಗೆ ಏರುವ ನಡುಕ, ಗೋಡೆಯ ಮಾಡದಲ್ಲಿಟ್ಟ ಪಾತ್ರೆಗಳ ಕಿಣಿಕಿಣಿ. ಅಷ್ಟೇ. ಮೊದಲ ಸಲ ಅದು ಬಂದಾಗ ನಾನು ಒಂದು ಮನೆಯ ಹೊಸ್ತಿಲ ಹತ್ತಿರ ಅಳತೆ ಟೇಪಿನ ತುದಿ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದೆ. ಓಡಬೇಕು ಎಂದು ಹೊಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಾಕೆ ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತಲಿಲ್ಲ.

“ಅಂಜಬ್ಯಾಡ್ರಿ ಮೇಡಂ. ಮಳಿ ಹಿಡದಾಗ ಹಿಂಗ ಗುಡುಗತೈತಿ. ನಮಗ ರೂಢಿ ಆಗೇತಿ,” ಎಂದಳು. ಹೊಲಿಯುತ್ತಿದ್ದ ಕುಪ್ಪಸದ ತೋಳನ್ನು ತಿರುವಿ ಹಾಕಿ ಮತ್ತೆ ತುಳಿಯತೊಡಗಿದಳು.

ನಾನು ಬಸವನ ಬಾಗೇವಾಡಿ ತಾಲೂಕಿನಲ್ಲಿ ಸಹಾಯಕ ಇಂಜಿನಿಯರ್. ಹುಟ್ಟಿದ್ದು ಮುದ್ದೇಬಿಹಾಳದಲ್ಲಿ, ಕಲ್ಲುಮಣ್ಣಿನ ಮನೆಯಲ್ಲೇ. ಆ ವರ್ಷ ಜಿಟಿಜಿಟಿ ಮಳೆ ಹಿಡಿದುಕೊಂಡದ್ದು ಬಿಡಲೇ ಇಲ್ಲ. ನಮ್ಮ ಕಡೆಯ ಮನೆಗಳಿಗೆ ಬಿರುಮಳೆಗಿಂತ ಇಂಥ ಮಳೆಯೇ ಕೇಡು. ಜಂತಿಗಳ ಮೇಲೆ ಮಣ್ಣು ಹೇರಿದ ಮಾಳಿಗೆ ನೀರು ಕುಡಿಯುತ್ತ ಭಾರವಾಗುತ್ತದೆ. ಗೋಡೆ ಎಂದರೆ ಒಳಗೊಂದು ಹೊರಗೊಂದು ಕಲ್ಲಿನ ಮೈ, ನಡುವೆ ತುಂಬಿದ ಮಣ್ಣು. ಆ ಮಣ್ಣು ನೆನೆದು ಉಬ್ಬಿ ಎರಡೂ ಮೈಗಳನ್ನು ಹೊರಕ್ಕೆ ದೂಡುತ್ತದೆ. ಮಳೆಗೆ ಹಾನಿಯಾದ ಮನೆಗಳನ್ನು ನೋಡಿ ವರ್ಗ ಮಾಡುವ ಕೆಲಸಕ್ಕೆ ನಮ್ಮನ್ನು ಹಚ್ಚಿದ್ದರು. ಇಂಗಳೇಶ್ವರದಿಂದ ಒಳಗೆ ಹೋಗುವ ರಸ್ತೆಯ ಈ ಊರು ನನ್ನ ಪಾಲಿಗೆ ಬಂತು. ಹೆಸರು ಬರೆಯುವುದಿಲ್ಲ.

ಕೆಲಸದ ಕ್ರಮ ಹೊರಗಿನವರಿಗೆ ಸರಳ ಅನ್ನಿಸಬಹುದು. ಮನೆ ಪೂರ್ತಿ ಬಿದ್ದಿದ್ದರೆ ಒಂದು ವರ್ಗ, ಬಹುಪಾಲು ಬಿದ್ದಿದ್ದರೆ ಇನ್ನೊಂದು, ಬಿರುಕು ಬಿಟ್ಟು ನಿಂತಿದ್ದರೆ ಮೂರನೆಯದು. ಮೊದಲ ವರ್ಗಕ್ಕೆ ಸರ್ಕಾರ ಹೊಸ ಮನೆಗೆ ಹಣ ಕೊಡುತ್ತದೆ, ಕೊನೆಯದಕ್ಕೆ ಸುಣ್ಣ ಬಳಿಯಲು ಸಾಲುವಷ್ಟು. ಜನ ವಾಸವಿಲ್ಲದ ಪಾಳುಮನೆಗೆ ಏನೂ ಇಲ್ಲ. ನೆಲ ನಡುಗಿದ್ದಕ್ಕೂ ಏನೂ ಇಲ್ಲ, ಆ ನಡುಕಗಳು ವಿಪತ್ತು ಅನ್ನಿಸಿಕೊಳ್ಳುವಷ್ಟು ದೊಡ್ಡವಾಗಿರಲಿಲ್ಲ. ಹೀಗಾಗಿ ನಾನು ಎಲ್ಲ ಬಿರುಕನ್ನೂ ಮಳೆಯ ಲೆಕ್ಕದಲ್ಲೇ ನೋಡಬೇಕಿತ್ತು.

ಹೊಲಿಗೆಯಾಕೆಯ ಓಣಿಯ ಒಂದು ಮಗ್ಗುಲಿಗೆ, ಉದ್ದಕ್ಕೂ, ಹಳೆಯ ವಾಡೆಯೊಂದರ, ಒಂದು ಕಾಲದ ದೊಡ್ಡ ಮನೆತನದ ಮನೆಯ, ಹಿಂಗೋಡೆ ನಿಂತಿತ್ತು. ವಾಡೆಯ ವಾರಸುದಾರರು ಸೋಲಾಪುರ, ಪುಣೆ ಎಂದು ಎತ್ತೆತ್ತಲೋ ಚದುರಿಹೋಗಿದ್ದರು. ಒಳಗೆ ಮಾಳಿಗೆ ಎಂದೋ ಕುಸಿದು ಜಾಲಿ ಬೆಳೆದಿತ್ತು. ಗೋಡೆ ಮಾತ್ರ ಮೂರಾಳೆತ್ತರಕ್ಕೆ, ಮೇಲೆ ಹೊದಿಕೆ ಇಲ್ಲದೆ, ಹಿಂದೆ ಆಸರೆ ಇಲ್ಲದೆ ನಿಂತಿತ್ತು. ಓಣಿಯ ಮನೆಗಳೆಲ್ಲ ಅದರ ಬುಡಕ್ಕೇ ಬೆನ್ನು ಹಚ್ಚಿ ಕಟ್ಟಿದವು. ಹಿಂದಿನ ಗೋಡೆ ಕಟ್ಟುವ ಖರ್ಚು ಉಳಿಯಿತೆಂದು ಅಜ್ಜಂದಿರ ಕಾಲದಲ್ಲಿ ಯಾರೋ ಲೆಕ್ಕ ಹಾಕಿದ್ದಿರಬೇಕು.

ಬಿರುಕು ಹಳೆಯದೋ ಈಗಲೂ ಬೆಳೆಯುತ್ತಿದೆಯೋ ಎಂದು ತಿಳಿಯಲು ನಾವು ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಮೆತ್ತುತ್ತೇವೆ. ಗೋಡೆ ಸುಮ್ಮನಿದ್ದರೆ ಗಾಜು ಹಾಗೇ ಇರುತ್ತದೆ. ಕೂದಲೆಳೆಯಷ್ಟು ಸರಿದರೂ ಒಡೆಯುತ್ತದೆ. ಓಣಿಯ ಮನೆಮನೆಗೂ ಮುಂಗೋಡೆಗೊಂದು, ಹಿಂಗೋಡೆಗೊಂದು ಪಟ್ಟಿ ಹಚ್ಚಿ ಬಂದೆ. ಮುಂದಿನ ವಾರ ಹೋಗಿ ನೋಡಿದರೆ ಮುಂಗೋಡೆಯ ಗಾಜುಗಳೆಲ್ಲ ಸುರಕ್ಷಿತ. ಹಿಂಗೋಡೆಯವು ಒಂದೂ ಉಳಿದಿರಲಿಲ್ಲ. ನಾನು ಇಷ್ಟು ದಿನ ತಪ್ಪು ಗೋಡೆಗಳನ್ನು ಅಳೆಯುತ್ತಿದ್ದೆ. ಸರಿಯುತ್ತಿದ್ದದ್ದು ಮನೆಗಳಲ್ಲ, ಮನೆಗಳು ಬೆನ್ನು ಹಚ್ಚಿದ್ದ ವಾಡೆಯ ಗೋಡೆ.

ಮಾಳಿಗೆ ಹತ್ತಿ, ಅಲ್ಲಿಂದ ಏಣಿ ಹಚ್ಚಿ, ಗೋಡೆಯ ನೆತ್ತಿಯಿಂದ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟೆ. ಗೋಡೆ ನೆಟ್ಟಗಿದ್ದರೆ ಗುಂಡು ಅದರ ಮೈಗೆ ತಾಗಿಕೊಂಡು ಇಳಿಯಬೇಕಿತ್ತು. ಅದು ಗೋಡೆಯನ್ನು ಬಿಟ್ಟು ಮೊಳದಷ್ಟು ದೂರ, ಗಾಳಿಯಲ್ಲಿ ತೂಗುತ್ತಿತ್ತು. ನೆತ್ತಿ ಓಣಿಯ ಕಡೆಗೆ ವಾಲಿತ್ತು. ಗುಂಡು ನಿಲ್ಲಲಿ ಎಂದು ಕಾದೆ. ನಿಲ್ಲಲಿಲ್ಲ, ಸಣ್ಣಗೆ ನಡುಗುತ್ತಲೇ ಇತ್ತು. ಕೆಳಗೆ ಹಿಟ್ಟಿನ ಗಿರಣಿ ನಡೆಯುತ್ತಿತ್ತು.

ಗಿರಣಿಯವ ಹೊಲಿಗೆಯಾಕೆಯ ಮಗ್ಗುಲ ಮನೆಯವ. ಹುಬ್ಬು, ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡು ಯಾವಾಗಲೂ ನಗುತ್ತಿದ್ದ ಮನುಷ್ಯ. ಯಂತ್ರ ನಿಲ್ಲಿಸಲು ಹೇಳಿದೆ. ನಿಲ್ಲಿಸಿದ. ಗುಂಡಿನ ನಡುಕ ನಿಂತಿತು. ಅವನೂ ಮಾಳಿಗೆ ಹತ್ತಿ ಬಂದು ಅದನ್ನು ನೋಡಿದ. ಅವನ ಮುಖದ ನಗು ಅರ್ಧಕ್ಕೆ ಇಳಿಯಿತು.

ಅವತ್ತೇ ಮಧ್ಯಾಹ್ನ ಮೇಲಧಿಕಾರಿಗಳ ಮುಂದೆ ಕುಳಿತೆ. ಅವರು ಕೆಟ್ಟ ಮನುಷ್ಯರಲ್ಲ. ನನ್ನ ಫೋಟೋಗಳನ್ನು ಒಂದೊಂದಾಗಿ ನೋಡಿದರು.

“ಗ್ವಾಡಿ ಬಿದ್ದೈತೇನ್ರಿ?”

“ಇಲ್ಲ ಸರ್. ಬೀಳತೈತಿ.”

“ಬೀಳತೈತಿ ಅನ್ನೂದಕ್ಕ ಯಾವ ಹೆಡ್ಡಿನ್ಯಾಗ ರೊಕ್ಕ ತರೂನ್ರಿ? ವಿಪತ್ತು ನಿಧಿ ಆಗಿದ್ದಕ್ಕ ಐತಿ, ಆಗೂದಕ್ಕಲ್ಲ. ಮ್ಯಾಲ ಅದು ಖಾಸಗಿ ಗ್ವಾಡಿ. ಯಾರೂ ಇರಂಗಿಲ್ಲ. ನಾ ಅದನ್ನ ಕೆಡವಿಸಿದ್ರ ನಾಳೆ ವಾರಸುದಾರ ಕೋರ್ಟಿಗಿ ಹೋಗತಾನ, ಲೆಕ್ಕದವ್ರು ನನ್ನ ಪಗಾರದಾಗ ವಸೂಲಿ ಹಚ್ಚತಾರ.”

“ಆಸರಾದ್ರೂ ಕೊಡೂನ್ರಿ ಸರ್. ಕಬ್ಬಿಣದ ಕಂಬ...”

“ಪ್ರಸ್ತಾವ ಕಳಸ್ರಿ. ಮುಂದಿನ ವರ್ಷದ ತಡೆ ಕಾಮಗಾರಿಯೊಳಗ ಸೇರಿಸೂನು.” ಫೋಟೋಗಳನ್ನು ಜೋಡಿಸಿ ನನ್ನ ಕಡೆ ಸರಿಸುತ್ತ ಸೇರಿಸಿದರು, “ಮಂದೀನ ಅಲ್ಲಿಂದ ಸರಸ್ರಿ. ಅದಕ್ಕ ರೊಕ್ಕ ಬೇಕಾಗಂಗಿಲ್ಲ.”

ವಾರಸುದಾರರಿಗೆ ನೋಟಿಸು ಹೋಯಿತು. ನಾನು ಓಣಿಗೆ ಹೋದೆ. ಮಂದಿಯನ್ನು ಸರಿಸಲು ಹಣ ಬೇಕಾಗುವುದಿಲ್ಲ ಎಂಬ ಮಾತು ಎಷ್ಟು ಸುಳ್ಳು ಎಂದು ಅಲ್ಲಿ ಗೊತ್ತಾಯಿತು. ಹೊಲಿಗೆಯಾಕೆ ಕತ್ತರಿ ಕೆಳಗಿಟ್ಟು ಎದ್ದು ನಿಂತಳು.

“ಮನಿ ಬಿಟ್ಟು ಹ್ವಾದ್ವಿ ಅಂತ ತಿಳೀರಿ. ಆಮ್ಯಾಲ ಬಿತ್ತು. ಆವಾಗ ಬರವ್ರು ಏನಂತಾರ? ಯಾರೂ ಇರಲಿಲ್ಲ, ಇದು ಪಾಳಮನಿ ಅಂತಾರ. ಹೋದ ವರ್ಷ ಬಾಜೂ ಊರಾಗ ಹಂಗ ಆಗೇತಿ. ನಾವು ಹೊರಗ ಹ್ವಾದ್ರ ರೊಕ್ಕಿಲ್ಲ, ಒಳಗ ಕುಂತ್ರ ಜೀವಿಲ್ಲ. ಯಾವ್ದು ಆರಸೂನು ನೀವ ಹೇಳ್ರಿ.”

ಸುತ್ತ ನಿಂತವರು ಯಾರೂ ಅವಳನ್ನು ತಡೆಯಲಿಲ್ಲ. ಮಳೆ ಹನಿಯುತ್ತಿತ್ತು. ವಾಡೆಯ ಗೋಡೆಯ ಬುಡದಲ್ಲಿ, ಕಲ್ಲುಗಳ ಸಂದಿಯಿಂದ, ಕೆಸರು ನೀರು ದಾರದಂತೆ ಇಳಿಯುತ್ತಿತ್ತು. ಹಿಂದಿನ ವಾರ ಆ ದಾರ ಇರಲಿಲ್ಲ. ನಡುವಿನ ಮಣ್ಣು ಕರಗಿ ಹೊರಗೆ ಬರುತ್ತಿತ್ತು.

ಅಲ್ಲಿಂದ ನೇರ ಅಗ್ನಿಶಾಮಕ ಠಾಣೆಗೆ ಹೋದೆ. ಠಾಣಾಧಿಕಾರಿ ಇಂಡಿ, ಸಿಂದಗಿ ಕಡೆ ಭೀಮೆಯ ನೆರೆಗಳಲ್ಲಿ ವರ್ಷಗಟ್ಟಲೆ ದುಡಿದವರು. ಆಸರೆಗೆ ಕಂಬ, ಜ್ಯಾಕು ಇವೆಯೇ ಎಂದು ಕೇಳಿದೆ.

“ಕೇಳೇವ್ರಿ, ಇನ್ನಾ ಬಂದಿಲ್ಲ. ಹಗ್ಗ ಅದಾವ, ಕಟ್ಟರ್ ಐತಿ, ಸ್ಟ್ರೆಚರ್ ಐತಿ. ಬಿದ್ದ ಕಲ್ಲಿನ್ಯಾಗಿಂದ ಮಂದೀನ ತಗೀತೇವಿ. ಬೀಳೂ ಗ್ವಾಡಿ ಹಿಡಿಯೂದು ನಮಗ ಬರಂಗಿಲ್ಲ,” ಎಂದರು. ಚಹಾ ಬಂತು, ಕುಡಿದೆವು. ಅವರು ಏನೋ ಯೋಚಿಸುತ್ತ ಲೋಟ ತಿರುಗಿಸುತ್ತಿದ್ದರು. ಆಮೇಲೆ ಹೇಳಿದರು, “ಒಂದು ಐತ್ರಿ. ಅಣಕು ಕಾರ್ಯಾಚರಣಿ, ಅಪಾಯ ಬಂದೈತಿ ಅಂತ ಮಾಡೂ ಸುಳ್ಳ ಕವಾಯತು. ವರ್ಷಕ್ಕೊಮ್ಮೆ ಮಾಡಬೇಕು. ಅದರ ಅನುದಾನ ಇಟ್ಟಲ್ಲೇ ಐತಿ. ಅದಕ್ಕ ಯಾರ ಮಂಜೂರಾತಿನೂ ಬ್ಯಾಡ.”

ನಿಜವಾದ ಅಪಾಯದಿಂದ ಜನರನ್ನು ದೂರ ಒಯ್ಯಲು ಸರ್ಕಾರದ ಬಳಿ ಹಣವಿರಲಿಲ್ಲ. ಸುಳ್ಳು ಅಪಾಯದಿಂದ ಒಯ್ಯಲು ಇತ್ತು. ನಾನು ಹೂಂ ಎಂದೆ.

ಕವಾಯತಿನ ದಿನ ಮಳೆ ತುಸು ಬಿಡುವು ಕೊಟ್ಟಿತ್ತು. ಕೆಂಪು ವಾಹನ ಓಣಿಯ ಬಾಯಿಗೆ ಬಂದು ಸೈರನ್ ಹಾಕಿತು. ಧ್ವನಿವರ್ಧಕದಲ್ಲಿ ಕೂಗಿದರು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ, ಮುದುಕರು ಬೈಯುತ್ತ ಹೊರಬಂದರು. ಗಾಯಾಳುವಿನ ಪಾತ್ರಕ್ಕೆ ಒಬ್ಬರು ಬೇಕು ಎಂದಾಗ ಗಿರಣಿಯವ ತಾನೇ ಮುಂದೆ ಬಂದ. ಸ್ಟ್ರೆಚರಿನ ಮೇಲೆ ಮಲಗಿ, “ಅಯ್ಯೋ ಯವ್ವಾ, ಸತ್ನೋ” ಎಂದು ನರಳಿ ಓಣಿಯನ್ನೆಲ್ಲ ನಗಿಸಿದ. ಅವನ ಹೆಂಡತಿ ನಾಚಿ ಮುಖ ಮುಚ್ಚಿಕೊಂಡಳು. ಮೆರವಣಿಗೆಯಂತೆ ಎಲ್ಲರೂ ಸರ್ಕಾರಿ ಶಾಲೆಗೆ ನಡೆದರು. ಶಾಲೆಯ ಅಂಗಳದಲ್ಲಿ ನಾನು ಮೈಕು ತೆಗೆದುಕೊಂಡು, ಇನ್ನು ಯಾರೂ ಹಿಂದೆ ಹೋಗುವಂತಿಲ್ಲ, ಗೋಡೆ ಬೀಳುತ್ತದೆ ಎಂದು ಹೇಳಿದೆ.

ನಗು ನಿಂತಿತು. ಹೊಲಿಗೆಯಾಕೆ ಗುಂಪು ಸೀಳಿಕೊಂಡು ನನ್ನ ಮುಂದೆ ಬಂದಳು.

“ಆಟ ಅಂದ್ರಿ. ಆಟ ಅಂತ ಕರಕೊಂಡ್ ಬಂದು ಮನಿ ಬಿಡಿಸಿದ್ರಿ.”

“ಹೌದು. ಬ್ಯಾರೆ ದಾರಿ ಇರಲಿಲ್ಲ.”

ಅವಳು ನನ್ನನ್ನೇ ನೋಡಿದಳು. ಸಿಟ್ಟಿನ ಹಿಂದೆ ಲೆಕ್ಕವೂ ನಡೆಯುತ್ತಿತ್ತು. “ಹಂಗಾದ್ರ ಬರದ್ ಕೊಡ್ರಿ. ನಾವ್ ಇಲ್ಲಿ ಇದ್ದವ್ರು, ನೀವ ಹೊರಗ ಹಾಕಿದವ್ರು, ಇದು ಪಾಳಮನಿ ಅಲ್ಲ ಅಂತ ನಿಮ್ಮ ಸಹಿ ಹಾಕಿ ಕೊಡ್ರಿ. ಕೊಟ್ರ ಇರ್ತೇವಿ. ಇಲ್ಲಂದ್ರ ಈಗ ಹೊಂಟೇವಿ.”

ಅಂಥದ್ದೊಂದು ಬರೆದು ಕೊಡುವ ಅಧಿಕಾರ ನನಗಿರಲಿಲ್ಲ. ಮನೆ ಹಾನಿಯಾಗುವ ಮೊದಲೇ ಅದರ ಬಗ್ಗೆ ಸಹಿ ಹಾಕಿದ ಇಂಜಿನಿಯರ್ ನಮ್ಮ ಇಲಾಖೆಯಲ್ಲಿ ಯಾರೂ ನನಗೆ ಗೊತ್ತಿರಲಿಲ್ಲ. ಠಾಣಾಧಿಕಾರಿ ಬೇರೆ ಕಡೆ ಮುಖ ಮಾಡಿ ನಿಂತರು, ಅದು ನನ್ನ ನಿರ್ಧಾರ ಎಂಬಂತೆ. ನಾನು ಒಂದೊಂದೇ ಸಂಸಾರವನ್ನು ಓಣಿಗೆ ಕರೆದೊಯ್ದು, ಅವರ ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆದು ಮರಳಿ ಶಾಲೆಗೆ ಕರೆತಂದೆ, ಒಲೆಯಲ್ಲಿನ ಬೆಂಕಿ, ಹಗ್ಗದ ಮೇಲಿನ ಅರಿವೆ ಎಲ್ಲ ಕಾಣುವಂತೆ. ಮನೆಗೊಂದು ಹಾಳೆ ಬರೆದು ಸಹಿ ಹಾಕಿದೆ.

ಶಾಲೆಯಲ್ಲಿ ದಿನಗಳು ಕಳೆದವು. ಪರಿಹಾರ ಕೇಂದ್ರ ಎಂದು ಘೋಷಿಸಲು ವಿಪತ್ತು ಆಗಿರಲಿಲ್ಲ, ಹೀಗಾಗಿ ಊಟಕ್ಕೆ ಹಣವಿಲ್ಲ. ಮುಖ್ಯೋಪಾಧ್ಯಾಯರು ಬಿಸಿಯೂಟದ ಒಲೆ ಬಿಟ್ಟುಕೊಟ್ಟರು, ಊರವರು ಜೋಳ ತಂದು ಹಾಕಿದರು. ಠಾಣಾಧಿಕಾರಿ “ಕವಾಯತು ಮುಂದುವರಿದಿದೆ” ಎಂದು ಬರೆದು ಇಬ್ಬರು ಸಿಬ್ಬಂದಿಯನ್ನು ಓಣಿಯ ಬಾಯಿಗೆ ಕಾವಲು ಇಟ್ಟರು. ಗೋಡೆ ಬೀಳಲಿಲ್ಲ. ದಿನಾ ಬೆಳಿಗ್ಗೆ ಹೋಗಿ ತೂಗುಗುಂಡು ಬಿಡುತ್ತಿದ್ದೆ. ದಿನಾ ಅದು ಗೋಡೆಯಿಂದ ಇನ್ನಷ್ಟು ದೂರ ಸರಿಯುತ್ತಿತ್ತು. ಆದರೆ ಬೀಳಲಿಲ್ಲ. ನಾನು ಸುಳ್ಳುಗಾರ್ತಿ ಎಂದು ಜನ ಅಂದುಕೊಳ್ಳತೊಡಗಿದ್ದು ಅವರು ನಮಸ್ಕಾರ ಮಾಡುವ ರೀತಿಯಲ್ಲೇ ತಿಳಿಯುತ್ತಿತ್ತು. ಒಂದು ಬೆಳಿಗ್ಗೆ, ಗೋಡೆ ಒಮ್ಮೆ ಬಿದ್ದುಬಿಡಬಾರದೇ ಎಂದು ನನ್ನ ಮನಸ್ಸಿಗೇ ಬಂತು. ಗುಂಡಿನ ದಾರ ಸುತ್ತಿಕೊಂಡು ಬೇಗ ಇಳಿದುಬಿಟ್ಟೆ.

ಅಷ್ಟರಲ್ಲಿ ಮೇಲಿನ ಅಣೆಕಟ್ಟೆಯಿಂದ ಭೀಮೆಗೆ ನೀರು ಬಿಟ್ಟರು. ಇಂಡಿ, ಸಿಂದಗಿ ತಾಲೂಕುಗಳ ದಂಡೆಯ ಊರುಗಳಿಗೆ ನೀರು ಏರತೊಡಗಿತು. ನಮ್ಮ ಠಾಣೆಯ ವಾಹನ, ಸಿಬ್ಬಂದಿ, ಅಧಿಕಾರಿ ಎಲ್ಲರನ್ನೂ ಇಂಡಿಗೆ ಕಳಿಸಿದರು. ಓಣಿಯ ಕಾವಲು ಎದ್ದಿತು. ಅದೇ ವಾರ ನಮ್ಮಲ್ಲಿ ಮಳೆ ನಿಂತು, ಚುರುಕು ಬಿಸಿಲು ಬಿತ್ತು.

ಬಿಸಿಲು ಬಿದ್ದರೆ ಗಂಡಾಂತರ ಕಳೆಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಗೋಡೆಯ ವಿಷಯದಲ್ಲಿ ಅದು ತಿರುವುಮುರುವು. ನೆನೆದು ಉಬ್ಬಿದ ಮಣ್ಣು ಒಣಗಿ ಕುಗ್ಗುತ್ತದೆ, ಕಲ್ಲುಗಳ ಹಿಡಿತ ಸಡಿಲುತ್ತದೆ, ಕೆಳಗಿನ ಎರೆಭೂಮಿ ಬಾಯಿ ಬಿಡುತ್ತದೆ. ಇದನ್ನು ಮನೆಮನೆಯವರಿಗೂ ಹೇಳಿದೆ. ಅವರು ರಾತ್ರಿ ಶಾಲೆಯಲ್ಲಿ ಮಲಗಲು ಒಪ್ಪಿದರು, ಆದರೆ ಹಗಲು ಮನೆಗೆ ಹೋಗಿಬರತೊಡಗಿದರು. ಗಿರಣಿ ಮತ್ತೆ ಶುರುವಾಯಿತು. ನಾನು ಹೋದಾಗ ಬಾಗಿಲ ಮುಂದೆ ಜೋಳದ ಬುಟ್ಟಿಗಳು ಸಾಲಾಗಿದ್ದವು. ಹಿಟ್ಟಿಗಾಗಿ ಹೂವಿನ ಹಿಪ್ಪರಗಿಗೆ ಬಸ್ಸು ಹತ್ತಿ ಬೇಸತ್ತಿದ್ದ ಹೆಂಗಸರು ನನ್ನನ್ನು ಕಂಡು ದಾರಿ ಬಿಡಲೇ ಇಲ್ಲ.

“ಬಂದ್ ಮಾಡು,” ಎಂದೆ.

“ಮೇಡಂ, ಊರ ಮಂದಿ ರೊಟ್ಟಿ ತಿನ್ನೂದು ಬ್ಯಾಡೇನ್ರಿ?” ಗಿರಣಿಯವ ಯಂತ್ರದ ಪಟ್ಟಾ ಸರಿಮಾಡುತ್ತ ನಕ್ಕ. “ಪಂಚಾಯ್ತಿ ಶೆಡ್ಡಿನ್ಯಾಗ ಜಾಗಾ ಕೇಳೇನಿ. ಸಂತಿ ಒಂದು ಮುಗೀಲಿ. ಮೋಟಾರ್ ಬಿಚ್ಚಿ ಒಯ್ತೇನಿ. ಮಾತ್ ಅಂದ್ರ ಮಾತ್ರಿ.”

ಅವನ ಕರೆಂಟು ಕಡಿಸಬಹುದಿತ್ತು. ಪೊಲೀಸರನ್ನು ತರಬಹುದಿತ್ತು. ಆ ಬುಟ್ಟಿಗಳನ್ನು ನೋಡಿ, ಸಂತೆಗೆ ಇನ್ನು ಎರಡೇ ದಿನ ಎಂದುಕೊಂಡೆ.

ಸಂತೆಯ ಮುನ್ನಾದಿನ ಬೆಳಿಗ್ಗೆ ನಾನು ಮುಳವಾಡದ ಕಡೆ ಇನ್ನೊಂದು ಸಮೀಕ್ಷೆಯಲ್ಲಿದ್ದೆ. ಹೊಲಿಗೆಯಾಕೆಯ ಫೋನು ಬಂತು. “ಮೇಡಂ” ಎಂದಳು, ಅಷ್ಟೇ. ಹಿಂದೆ ಕೂಗಾಟ ಕೇಳಿಸುತ್ತಿತ್ತು.

ನಾನು ತಲುಪಿದಾಗ ಓಣಿಯ ಮೇಲೆ ಧೂಳು ಇನ್ನೂ ಕುಳಿತಿರಲಿಲ್ಲ. ಗೋಡೆಯ ಅರ್ಧ ಹೋಗಿತ್ತು. ಹೊಲಿಗೆಯಾಕೆಯ ಮನೆ, ಗಿರಣಿ, ಅದರಾಚೆಯ ಮನೆಗಳು ಕಲ್ಲಿನ ರಾಶಿಯಾಗಿದ್ದವು. ರಾಶಿಯ ಮೇಲೆಲ್ಲ ಹಿಟ್ಟು ಬಿದ್ದು ಬೆಳ್ಳಗಾಗಿತ್ತು. ಬೀಸಿದ ಜೋಳದ ಬಿಸಿ ವಾಸನೆ ಬರುತ್ತಿತ್ತು. ಉಳಿದ ಅರ್ಧ ಗೋಡೆ ಹರಿದ ಅಂಚಿನೊಂದಿಗೆ ಮೇಲೆ ನಿಂತಿತ್ತು. ಹೊಲಿಗೆಯಾಕೆ ಮನೆಯಲ್ಲಿರಲಿಲ್ಲ, ಗುಂಡಿ ಕೊಳ್ಳಲು ಅಂಗಡಿಗೆ ಹೋಗಿದ್ದಳು. ಗಿರಣಿಯವನೊಬ್ಬನೇ ಒಳಗಿದ್ದ.

ಗಂಡಸರು ಗೋಡೆಯ ಮಗ್ಗುಲಿನಿಂದ ಕಲ್ಲು ಕೀಳುತ್ತಿದ್ದರು. ಅಲ್ಲಿ ಕಿತ್ತರೆ ಉಳಿದದ್ದೂ ಬರುತ್ತದೆ ಎಂದು ಕೂಗಿ ಅವರನ್ನು ಇಳಿಸಿದೆ. ಮುಂಬಾಗಿಲ ಕಡೆಯಿಂದ, ಚೌಕಟ್ಟು ಇನ್ನೂ ನಿಂತಿದ್ದ ಜಾಗದಿಂದ, ಕೈಯಿಂದ ಕೈಗೆ ಕಲ್ಲು ದಾಟಿಸುವ ಸಾಲು ಮಾಡಿದೆವು. ಜಂತಿಗಳನ್ನು ಎಳೆಯಲು ಬಿಡಲಿಲ್ಲ, ಅವುಗಳ ಅಡಿ ಟ್ರ್ಯಾಕ್ಟರಿನ ಜ್ಯಾಕು, ಎತ್ತಿನ ಬಂಡಿಯ ನೊಗ, ಶಾಲೆಯ ಬೆಂಚು ಸಿಕ್ಕಿದ್ದೆಲ್ಲ ಇಟ್ಟು ಆಸರೆ ಕೊಟ್ಟೆವು. ನಮ್ಮ ಠಾಣೆಯ ವಾಹನ ಇಂಡಿಯಲ್ಲಿತ್ತು. ಮುದ್ದೇಬಿಹಾಳದ ವಾಹನ ಬರುವ ಹೊತ್ತಿಗೆ ನಮಗೆ ಅವನ ಕೈ ಕಂಡಿತ್ತು. ಕೈ ಅಲುಗುತ್ತಿತ್ತು.

ಅವನನ್ನು ಹೊರತೆಗೆದು ಸ್ಟ್ರೆಚರಿನ ಮೇಲೆ ಮಲಗಿಸಿದರು. ಹೊತ್ತವರು ಗಾಬರಿಯಲ್ಲಿ ಎತ್ತಿದಾಗ ಅವನು ಕಣ್ಣು ತೆರೆದ.

“ಸಾವಕಾಶ್ರಿ,” ಎಂದ. “ಇವತ್ತ ಖರೇ ಐತಿ.”

ವಿಜಯಪುರ ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡ.

ಅಲ್ಲಿಂದ ಮುಂದೆ ಎಲ್ಲವೂ ವೇಗವಾಗಿ ನಡೆಯಿತು. ವಿಪತ್ತು ಆಗಿತ್ತು. ಗಿರಣಿಯವನ ಹೆಂಡತಿಗೆ ಪರಿಹಾರದ ಆದೇಶ ತಡವಿಲ್ಲದೆ ಬಂತು. ಸಾವಿಗೆ ನಿಯಮ ಸ್ಪಷ್ಟವಾಗಿದೆ. ಶಾಲೆ ಪರಿಹಾರ ಕೇಂದ್ರವಾಯಿತು, ಊಟಕ್ಕೆ ಹಣ ಬಂತು. ಬಿದ್ದ ಮನೆಗಳನ್ನು ನೋಡಲು ಬಂದವರ ಮುಂದೆ ಹೊಲಿಗೆಯಾಕೆ ನನ್ನ ಸಹಿಯ ಹಾಳೆ ಹಿಡಿದಳು. ಯಾರೂ ಅದರ ಬಗ್ಗೆ ತಕರಾರು ಎತ್ತಲಿಲ್ಲ. ಬಿದ್ದ ಮನೆಗಳೆಲ್ಲ ಮೊದಲ ವರ್ಗಕ್ಕೆ ಬಂದವು. ಅಧಿಕಾರವಿಲ್ಲದೆ ಸಹಿ ಹಾಕಿದ್ದಕ್ಕೆ ನನಗೆ ಬಂದಿದ್ದ ಕಾರಣ ಕೇಳುವ ನೋಟಿಸನ್ನು ಮೇಲಧಿಕಾರಿಗಳು ತಾವೇ ಮುಚ್ಚಿಹಾಕಿಸಿದರು. ನನ್ನೊಂದಿಗೆ ಆ ಗೋಡೆಯ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಉಳಿದ ಅರ್ಧದ ಬಗ್ಗೆ ನಾನು ಮತ್ತೆ ಬರೆದೆ. ವಾರಸುದಾರರ ನೋಟಿಸು ವಿಳಾಸದಲ್ಲಿ ಇಲ್ಲ ಎಂದು ತಿರುಗಿ ಬಂದಿತ್ತು. ಬಿದ್ದ ಭಾಗದ ಕಲ್ಲು ಸಾಗಿಸಲು ಹಣ ಬಂತು. ನಿಂತ ಭಾಗಕ್ಕೆ ಬರಲಿಲ್ಲ. ಪ್ರಸ್ತಾವ ಪರಿಶೀಲನೆಯಲ್ಲಿದೆ.

ಹೊಸ ಮನೆಯ ಹಣಕ್ಕೆ ಒಂದು ಷರತ್ತಿದೆ. ಮನೆ ಬಿದ್ದ ಜಾಗದಲ್ಲೇ ಕಟ್ಟಬೇಕು, ಪಾಯ ಹಾಕಿದಾಗ ಅಲ್ಲಿಯೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯಬೇಕು, ಜಾಗ ಬದಲಾದರೆ ಕಂತು ಬಿಡುಗಡೆಯಾಗುವುದಿಲ್ಲ. ಹೊಲಿಗೆಯಾಕೆಯ ಜಾಗ ಸರಿಯಾಗಿ ಆ ಹರಿದ ಅಂಚಿನ ಕೆಳಗೆ ಬರುತ್ತದೆ. ಅನುಮೋದಿಸುವವಳು ನಾನು. ಕೆಲವು ವಾರ ತಡೆದೆ. ಆಕೆ ಒಂದು ದಿನ ಕಚೇರಿಗೇ ಬಂದಳು.

“ನೀವ್ ನಮ್ಮ ಚಲೋದಕ್ಕ ತಡದೀರಿ, ಗೊತ್ತೈತಿ. ಆದ್ರ ಸಾಲಿ ಖಾಲಿ ಮಾಡ್ರಿ ಅನ್ನಾಕತ್ತಾರ. ಮಳಿ ಬರತೈತಿ. ನಾವ್ ಎಲ್ಲಿ ಇರೂದ್ರಿ?”

ಮರುದಿನ ಹೋದೆ. ಪಾಯ ತೋಡಿ ಕಲ್ಲು ತುಂಬಿದ್ದರು. ಅವಳು ಅದರೊಳಗೆ ನಿಂತಳು. ಮೊಬೈಲು ಎತ್ತಿದೆ. ಅವಳ ತಲೆಯ ಹಿಂದೆ ಗೋಡೆ ಬಂತು, ಚಿತ್ರದ ನೆತ್ತಿಯನ್ನೂ ದಾಟಿ.

“ಗ್ವಾಡಿ ಬಿಟ್ಟು ತಗೀರಿ ಮೇಡಂ. ಮ್ಯಾಲಿನವ್ರು ನೋಡಿ ತಿರುಗಿ ಕಳಸ್ಯಾರು.”

ನಾನು ಗೋಡೆ ಸೇರಿಸಿಯೇ ತೆಗೆದೆ. ಯಾರಾದರೂ ನೋಡಲಿ, ಇದೇನು ಎಂದು ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ. ಫೋಟೋ ಸರಿಯಿದೆ, ಕಂತು ಬಿಡುಗಡೆಯಾಗಿದೆ ಎಂಬ ಸಂದೇಶ ಬಂತು.

ಸುದ್ದಿ ಹೇಳಲು ಹೋದಾಗ ಅವಳ ಗಂಡ ಮತ್ತು ಗೌಂಡಿ ಇಟ್ಟಿಗೆ ಕಟ್ಟುತ್ತಿದ್ದರು. ಅವಳು ನನ್ನನ್ನು ಹಿಂಬದಿಗೆ ಕರೆದೊಯ್ದು, ಹೊಸ ಗೋಡೆಗೂ ಹಳೆಯದಕ್ಕೂ ನಡುವೆ ಬಿಟ್ಟಿದ್ದ ಸಂದಿಯಲ್ಲಿ ನಿಲ್ಲಿಸಿದಳು. ಎರಡೂ ಕೈ ಚಾಚಿ ತೋರಿಸಿದಳು.

“ನೋಡ್ರಿ, ಈ ಸಲ ಬೆನ್ನ ಹಚ್ಚಿಲ್ಲ. ಒಂದ್ ಮಾರು ಬಿಟ್ಟು ಕಟ್ಟೇನಿ. ಸಾಕಲ್ರಿ?”

ಇಬ್ಬರೂ ತಲೆಯೆತ್ತಿ ನೋಡಿದೆವು. ಅದರ ಎತ್ತರ ಎಷ್ಟು ಮಾರು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.